ಬೀಳುವ ಹಕ್ಕಿ, ಮುಳುಗುವ ಹಕ್ಕಿ

ಹಕ್ಕಿಯೊಂದು ತುತ್ತು ಹಿಡಿಯುವುದನ್ನು ಕಣ್ಣಾರೆ ಕಾಣದೆ ಸಮುವೇಲ ಮಾಸ್ತರರು ಅದರ ಹೆಸರು ಬರೆಯುತ್ತಿರಲಿಲ್ಲ. ಉಡುಪಿ ಕಡೆಯವರು, ಕೋಲ್ಕತ್ತದಲ್ಲಿ ಪಾದ್ರಿಗಳಾಗುವವರಿಗೆ ಹೀಬ್ರೂ ಕಲಿಸುತ್ತಿದ್ದರು. ಸಿಯಾಲ್ದಾ ಬಳಿಯ ನನ್ನ ಹಳೇ ಕ್ಯಾಮೆರಾ ಅಂಗಡಿಗೆ ಮೊದಲ ಸಲ ಬಂದಾಗ ದುರ್ಬೀನು ಎತ್ತಿ ಎದುರು ಮಹಡಿಯ ಪಾರಿವಾಳವನ್ನು ನೋಡಿದರು. "ಅಯ್ಯೋ, ಕಾಲಿನ ಉಗುರು ಸಮೇತ ಕಾಣ್ತದೆ ಮಾರಾಯ್ರೆ!"

ಕೊಳ್ಳುವವರು ಮಾರುವವನೆದುರು ಹೀಗೆ ಹಿಗ್ಗಲೇಬಾರದು. ಹುಬ್ಬಳ್ಳಿಯಿಂದ ಬರಿಗೈಯಲ್ಲಿ ಬಂದು ಅಂಗಡಿ ಕಟ್ಟಿದವನು ನಾನು, ಸುಮ್ಮನಿರಲಾಗಲಿಲ್ಲ. "ಸರ, ಮಾರಿ ಸಣ್ಣದು ಮಾಡ್ಕೊಂಡು ನೋಡ್ರಿ. ಇಲ್ಲಂದ್ರ ನಾನ ರೇಟ್ ಏರಿಸ್ತೀನಿ." ಕನ್ನಡ ಕೇಳಿ ಅವರು ಇನ್ನಷ್ಟು ಹಿಗ್ಗಿದರು. ಸ್ನೇಹ ಬೆಳೆಯಿತು.

ಆಗ ಅವರನ್ನು ಕಾಡುತ್ತಿದ್ದುದು ಒಂದೇ ಚಿಂತೆ. ಬೈಬಲಿನ ಕನ್ನಡ ಅನುವಾದವೊಂದನ್ನು ತಿದ್ದುವ ಸಮಿತಿಯಲ್ಲಿದ್ದರು. ತಿನ್ನಬಾರದ ಹಕ್ಕಿಗಳ ಪಟ್ಟಿ ಅವರ ಪಾಲಿಗೆ ಬಂದಿತ್ತು. ಅದರಲ್ಲಿನ 'ಶಾಲಾಕ್' ಎಂಬ ಹಕ್ಕಿಯನ್ನು ಕರಡಿನಲ್ಲಿ 'ನೀರುಕಾಗೆ' ಎಂದಿದ್ದರು. ಹೀಬ್ರೂ ಹೆಸರು ತನ್ನನ್ನೇ ನೀರಿಗೆ ಎಸೆದುಕೊಳ್ಳುವ ಹಕ್ಕಿಯನ್ನು ಸೂಚಿಸುತ್ತದೆ, ನೀರುಕಾಗೆ ಹಾಗೆ ಮಾಡುತ್ತದೆಯೇ ಎಂಬುದು ಮಾಸ್ತರರ ತಕರಾರು. ಮುದ್ರಣಕ್ಕೆ ಎರಡೇ ವಾರ ಉಳಿದಿತ್ತು.

"ಯಾವ್ದಾರ ಹೆಸರು ಹಾಕ್ರಿ ಸರ. ಅದನ್ನ ಯಾರು ತಿನ್ನಾಕ ಹೊಂಟಾರ?"

"ಪಾಪದ ಹಕ್ಕಿ ಮೇಲೆ ಸುಮ್ಮನೆ ಅಪವಾದ ಹೊರಿಸ್ಲಿಕ್ಕೆ ಆಗ್ತದಾ?"

ಮೊದಲು ಅಲಿಪುರದ ಮೃಗಾಲಯಕ್ಕೆ ಹೋದೆವು. ಅಲ್ಲಿ ಹಕ್ಕಿಗಳಿಗೆ ಮೀನನ್ನು ಜನರೇ ಹಾಕುತ್ತಾರೆಂದು ತಿಳಿದು, "ಇದು ಹೋಟೆಲ್ ಊಟ, ಲೆಕ್ಕಕ್ಕಿಲ್ಲ" ಎಂದು ಮಾಸ್ತರರು ಹೊರಟೇಬಿಟ್ಟರು. ಮರುದಿನ ಬೆಳಿಗ್ಗೆ ಊರಾಚೆಯ ಮೀನು ಸಾಕುವ ಕೆರೆಗೆ ಕರೆದೊಯ್ದೆ. ಕೆರೆ ಕಾಯುವ ಮಾಧವಬಾಬು ಹೊರಗಿನವರನ್ನು ಬಿಡುವವರಲ್ಲ. ಮೀನು ಕದಿಯುವವರನ್ನು ದುರ್ಬೀನಿನಲ್ಲಿ ತೋರಿಸುತ್ತೇನೆಂದು ಚೌಕಾಸಿ ಮಾಡಿ ಒಳಗೆ ನುಗ್ಗಿದೆ.

ನೀರುಕಾಗೆ ತೇಲುತ್ತಿದ್ದುದು ಮೆಲ್ಲಗೆ ತಲೆ ತಗ್ಗಿಸಿ ಮುಳುಗಿತು. ನೀರಿನ ಮೇಲೆ ಸುಳಿದಾಡುತ್ತಿದ್ದ ಬೆಳ್ಳನೆಯ ರೀವ ಹಕ್ಕಿ ಆಕಾಶದಿಂದ ಕಲ್ಲಿನಂತೆ ನೀರಿಗೆ ಬಿದ್ದು ಮೀನು ಕಚ್ಚಿಕೊಂಡು ಹಾರಿತು. ಮಾಧವಬಾಬು ನಕ್ಕು ಬಂಗಾಳಿಯಲ್ಲಿ ಅಂದರು: "ಇದಕ್ಕೂ ಯಂತ್ರ ಬೇಕಾ ಮಾಸ್ಟರ್‌ಮಶಾಯ್? ಕರಿಯ ಕಳ್ಳ ಮುಳುಗ್ತಾನೆ, ಬಿಳಿಯ ಕಳ್ಳ ಬೀಳ್ತಾನೆ."

ಮಾಸ್ತರರು ಅದನ್ನೂ ಬರೆದುಕೊಂಡರು.

"ಹಂಗಾರ ರೀವ ಅಂತ ಹಾಕಿಬಿಡ್ರಿ ಸರ."

"ಅದು ಹೇಗೆ? ಆ ದೇಶದ ನೀರು ನಾನು ನೋಡಿಲ್ವಲ್ಲ. ನೀರುಕಾಗೆ ಅಂತ ಖಂಡಿತ ಹೇಳ್ಲಿಕ್ಕೆ ಆಗುದಿಲ್ಲ, ಅಷ್ಟೇ."

ಜನರಿಗೆ ರೂಢಿಯಾದ ಪದವೇ ಇರಲಿ ಎಂದಿತು ಸಮಿತಿ. ಮಾಸ್ತರರು ಕೈಚೆಲ್ಲಿ ಕೂತರು. ಅವರನ್ನು ಅಂಗಡಿಯಲ್ಲೇ ಕೂರಿಸಿ ಸಮಿತಿಗೆ ಫೋನು ಹಚ್ಚಿಸಿದೆ. "ಆ ಶಬ್ದ ತೆಗೀರಿ, ಇಲ್ಲಂದ್ರ ನನ್ನ ಹೆಸರು ತೆಗೀರಿ ಅನ್ರಿ. ಆಮ್ಯಾಲೆ ಪಿಟ್ ಅನಬ್ಯಾಡ್ರಿ." ಚೌಕಾಸಿಯಲ್ಲಿ ಮೊದಲು ಮೌನ ಮುರಿದವನೇ ಇಳಿಯುವವನು, ಇದನ್ನು ಯಾರು ಬೇಕಾದರೂ ಬರೆದಿಟ್ಟುಕೊಳ್ಳಬಹುದು. ಮಾಸ್ತರರು ಹಾಗೇ ಅಂದರು, ಬೆವರುತ್ತ ಕೂತರು. ಕೊನೆಗೆ ಆ ಕಡೆಯಿಂದ ಬಂತು: "ಅಡಿಟಿಪ್ಪಣಿ ಹಾಕಿದರೆ ಸಾಕೇ?"

"ಧಾರಾಳ ಸಾಕು!" ಎಂದು ಕೂಗಿಯೇಬಿಟ್ಟರು. ಇನ್ನೊಂದು ನಿಮಿಷ ತಡೆದಿದ್ದರೆ ಪದವೇ ಹಾರಿಹೋಗುತ್ತಿತ್ತು. ಹಿಗ್ಗುವ ಚಾಳಿ ಬಿಡಲಿಲ್ಲ, ಮನುಷ್ಯ.

ಆ ಬೇಸಿಗೆಯಲ್ಲಿ ನಿವೃತ್ತರಾಗಿ ಊರಿಗೆ ಹೊರಟರು. ಡಮ್ ಡಮ್ ವಿಮಾನ ನಿಲ್ದಾಣದಲ್ಲಿ, ಕೊರಳಲ್ಲಿ ದುರ್ಬೀನು ನೇತಾಡಿಸಿಕೊಂಡು ಕೈ ಬೀಸಿದ್ದೇ ಕೊನೆಯ ಭೇಟಿ. ಈಗ ಅವರಿಲ್ಲ. ಅಚ್ಚಾದ ಬೈಬಲು ಅವರು ಊರಿಗೆ ಹೋದ ಮೇಲೆ ನನ್ನ ಕೈಗೆ ಬಂತು. ಅಡಿಟಿಪ್ಪಣಿಯದು ಇರುವೆಯಂಥ ಅಕ್ಷರ, ಅಂಗಡಿಯ ಭೂತಗನ್ನಡಿ ಹಿಡಿದು ಓದಿದೆ. 'ಇದು ಮೇಲಿನಿಂದ ನೀರಿಗೆ ಬೀಳುವ ಹಕ್ಕಿಯಿರಬೇಕು. ನೀರುಕಾಗೆ ಬೀಳುವುದಿಲ್ಲ, ಮುಳುಗುತ್ತದೆ.'

ಅದನ್ನು ಕೆರೆಗೆ ಒಯ್ದು ಮಾಧವಬಾಬುಗೆ ಬಂಗಾಳಿಯಲ್ಲಿ ಹೇಳಿದೆ. "ಅರೆ, ಇದು ನನ್ನ ಮಾತು!" ಎಂದರು. ಬಿದಿರ ಗಳುವಿನ ಮೇಲೆ ನೀರುಕಾಗೆಯೊಂದು ರೆಕ್ಕೆ ಒಣಗಿಸುತ್ತಿತ್ತು. ಅದಕ್ಕೆ ಹೊಡೆಯಲೆಂದು ಎತ್ತಿಕೊಂಡಿದ್ದ ಮಣ್ಣಿನ ಹೆಂಟೆಯನ್ನು ಅವರು ಮೆಲ್ಲಗೆ ಕೆಳಗಿಟ್ಟರು.

"ಮಾಸ್ಟರ್‌ಮಶಾಯ್ ಬಿಡಿಸಿಹೋದ ಕಳ್ಳ. ಇವತ್ತೊಂದು ದಿನ ತಿಂದುಕೊಳ್ಳಲಿ."