ತಿರುವಿನಲ್ಲಿ ನಿಂತ ಜಿಂಕೆ

ಕಳೆದ ಭಾನುವಾರ, ನಾನು ಗೈಡ್ ಆಗಿರುವ ಸಫಾರಿ ಬಸ್ಸಿನಲ್ಲಿ ಒಬ್ಬ ಆಂಟಿ ಎಲ್ಲರೆದುರು ನನ್ನ ಮಾತು ತಡೆದರು. "ಸುಳ್ಳು ಹೇಳ್ಬೇಡಪ್ಪ" ಅಂದರು.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟಾಗಲೂ ಒಂದಿಷ್ಟು ಶಕ್ತಿ ಬೇಕಲ್ಲ?

(ನನ್ನ ಹೆಂಡತಿ ತೀರಿಕೊಂಡದ್ದು ಈ ಅಂಕಣ ಓದುವವರಿಗೆ ಗೊತ್ತು. ಎರಡು ತಿಂಗಳಾಯಿತು.)

ಅವಳು ನಾಯಂಡಹಳ್ಳಿಯ ಗೋಡೌನ್ ಒಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು. ನಾನು ಸಫಾರಿ ಮುಗಿಸಿ ಅಲ್ಲೇ ಸಿಟಿ ಬಸ್ಸಿಳಿದು ಮೆಟ್ರೋ ಮೆಟ್ಟಿಲ ಕೆಳಗೆ ಕಾಯುತ್ತಿದ್ದೆ. ಇಬ್ಬರೂ ಸೇರಿ ಕೆಂಗೇರಿಯ ಮನೆಗೆ ಹೋಗುತ್ತಿದ್ದೆವು. ಈಗಲೂ ಅಲ್ಲಿ ಅರ್ಧ ಗಂಟೆ ನಿಲ್ಲುತ್ತೇನೆ. ಪಕ್ಕದ ಮನೆಯವರು ನೋಡಿ ಮಗಳಿಗೆ ಹೇಳಿದ್ದಾರೆ.

"ಅಮ್ಮ ಅಲ್ಲಿಂದ ಬರಲ್ಲ ಅಂತ ನಿಮಗೆ ಗೊತ್ತಿಲ್ವಾ ಅಪ್ಪ?" ಎಂದು ಅತ್ತಳು.

ಗೊತ್ತು. ಆದರೆ ಕಾಲು ಕೇಳಬೇಕಲ್ಲ? ನಾಳೆಯಿಂದ ನಿಲ್ಲುವುದಿಲ್ಲ ಎಂದು ಶನಿವಾರ ಅವಳಿಗೆ ಮಾತು ಕೊಟ್ಟೆ.

ಮರುದಿನವೇ ಈ ಆಂಟಿ.

ಅವತ್ತು ಹುಲಿ ಕಂಡಿರಲಿಲ್ಲ. "ಗುರು, ಗೇಟಿನ ಬೋರ್ಡ್ ಮೇಲೆ ಹುಲಿ ಇತ್ತಲ್ಲ, ವಾಪಸ್ ಹೋಗಿ ಅದನ್ನೇ ನೋಡೋಣ್ವಾ?" ಎಂದು ಹಿಂದಿನ ಸೀಟಿನ ಕಾಲೇಜು ಗ್ಯಾಂಗ್ ಕಿಚಾಯಿಸುತ್ತಿತ್ತು. ಅಷ್ಟರಲ್ಲಿ ತಿರುವಿನ ಹತ್ತಿರ ಒಂದು ಹೆಣ್ಣು ಜಿಂಕೆ. ಹಿಂಡು ದೂರದಲ್ಲಿ ಮೇಯುತ್ತಿತ್ತು. ಇದೊಂದೇ ಇಲ್ಲಿ. ಮೂರು ದಿನದಿಂದ ಅದೇ ಜಾಗ.

ಮೂರು ದಿನದಿಂದ ಹೇಳುತ್ತಿದ್ದ ಜೋಕನ್ನೇ ಮೈಕಿನಲ್ಲಿ ಹೇಳಿದೆ. "ಇವಳು ನಮ್ಮ ಮಾಡೆಲ್. ನಿಮ್ಮ ಫೋಟೋಗೋಸ್ಕರ ದಿನಾ ಡ್ಯೂಟಿಗೆ ಬರ್ತಾಳೆ."

ಎಲ್ಲರೂ ನಕ್ಕರು. ಆಂಟಿ ನಗಲಿಲ್ಲ.

"ಸುಳ್ಳು ಹೇಳ್ಬೇಡಪ್ಪ. ಕೆಚ್ಚಲು ನೋಡು, ಹೆಂಗೆ ಬಿಗಿದಿದೆ. ಮರಿ ಎಲ್ಲಿ? ಹೋಗ್ಬಿಟ್ಟಿದೆ. ಕೊನೆಗೆ ಕಂಡ ಜಾಗಕ್ಕೆ ಬಂದು ನಿಂತದೆ, ಅಷ್ಟೇ."

ಬಸ್ಸಿನಲ್ಲಿದ್ದವರೆಲ್ಲ ಬಗ್ಗಿ ಜಿಂಕೆಯನ್ನು ನೋಡಿದರು. ನಾನೂ.

ಆಂಟಿ ಹೇರೋಹಳ್ಳಿಯವರಂತೆ. ಹಿಂದೆ ಮನೆ ತುಂಬ ದನವಿತ್ತಂತೆ. (ಈಗ ಕೊಟ್ಟಿಗೆ ಇದ್ದಲ್ಲಿ ನಾಲ್ಕು ಬಾಡಿಗೆ ಮನೆ.) "ನಮ್ಮ ಹಸು ಕೆಂಪಿದು ಕರು ಸತ್ತಾಗ್ಲೂ ಇಂಗೇ. ಅದನ್ನ ಕಟ್ತಿದ್ದ ಗೂಟದ ಹತ್ರ ದಿನಾ ಬಂದು ನಿಲ್ಲೋಳು. ನಮ್ಮತ್ತೆ ಯಾರಿಗೂ ಓಡ್ಸೋಕೆ ಬಿಡ್ತಿರ್ಲಿಲ್ಲ."

"ಆಮೇಲೆ?" ಎಂದೆ. ಮೈಕ್ ಆನ್ ಇದ್ದುದು ಮರೆತುಹೋಗಿತ್ತು.

"ಆಮೇಲೇನು? ಒಂದಿನ ಅವಳೇ ಬರ್ಲಿಲ್ಲ."

ಹಿಂದಿನ ಬಸ್ಸು ಹಾರ್ನ್ ಹೊಡೆಯಿತು. ನಮ್ಮ ಡ್ರೈವರ್ ಗಾಡಿ ಎತ್ತಿದ. ಪ್ರಾಣಿ ನೋಡಿಕೊಳ್ಳುವ ಸಿಬ್ಬಂದಿಯನ್ನು ಸಂಜೆ ವಿಚಾರಿಸಿದೆ. ಹೌದು, ಗುರುವಾರ ಆ ತಿರುವಿನಲ್ಲೇ ಒಂದು ಮರಿ ಸತ್ತಿತ್ತಂತೆ. ಎತ್ತಿಕೊಂಡು ಹೋಗಿದ್ದರಂತೆ. ಹದಿನಾಲ್ಕು ವರ್ಷದಿಂದ ಜನರಿಗೆ ಪ್ರಾಣಿ ತೋರಿಸುತ್ತಿದ್ದೇನೆ. ನಾನು ನೋಡಿದ್ದೇನು?

ಇತ್ತೀಚೆಗೆ ಎಲ್ಲರೂ ನನಗೆ ಒಂದೇ ಬುದ್ಧಿ ಹೇಳುತ್ತಾರೆ. ಬಿಝಿ ಆಗಿರಿ. ಟೂರ್ ಹೋಗಿ. ಮೂವ್ ಆನ್. ಎಲ್ಲರೂ ಒಳ್ಳೆಯವರೇ. ಆದರೆ ಹಿಂದಿನ ಬಸ್ಸಿನ ಹಾರ್ನ್ ಕೇಳಿದಂತಾಗುತ್ತದೆ. ಈ ಊರಿನಲ್ಲಿ ನಿಂತವನನ್ನು ಕಂಡರೆ ಯಾಕಿಷ್ಟು ಗಾಬರಿ?

ಅವತ್ತು ಸಂಜೆ ಕೊಟ್ಟ ಮಾತು ಮುರಿದೆ. ನಾಯಂಡಹಳ್ಳಿಯಲ್ಲಿ ಅರ್ಧ ಗಂಟೆ ನಿಂತೆ. ಗೋಡೌನ್ ಕಡೆಯಿಂದ ಹೆಂಗಸರು ಗುಂಪಾಗಿ ಬಂದರು, ಮೆಟ್ಟಿಲು ಹತ್ತಿದರು. ಒಬ್ಬರು ಗುರುತು ಹಿಡಿದು ತಲೆಯಾಡಿಸಿದರು.

ಮನೆಗೆ ಬಂದು ಮಗಳಿಗೆ ಎಲ್ಲ ಹೇಳಿದೆ, ಮಾತು ಮುರಿದದ್ದನ್ನೂ. "ಇನ್ನೊಂದಷ್ಟು ದಿನ ನಿಲ್ತೀನಿ ಕಣಮ್ಮ" ಅಂದೆ.

ಅವಳು ತಟ್ಟೆ ಇಟ್ಟು, ಅನ್ನ ಬಡಿಸಿ ಕೇಳಿದಳು. "ಎಷ್ಟು ದಿನ ಅಪ್ಪ?"

ಜಿಂಕೆಯನ್ನು ಯಾರಾದರೂ ಹಾಗೆ ಕೇಳುತ್ತಾರಾ?