ಲಾಡ್ಜಿನ ಹಸಿರು ಬಾಣ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಗದಗಿನಿಂದ ಬಂದು ಬಿಟಿಎಂ ಲೇಔಟಿನ ಲಾಡ್ಜೊಂದರಲ್ಲಿ ಮ್ಯಾನೇಜರಾಗಿದ್ದೆ. ಮ್ಯಾನೇಜರ್ ಎಂದರೆ ಚಹಾ ತರುವುದರಿಂದ ಸೊಳ್ಳೆಬತ್ತಿ ಹಚ್ಚುವವರೆಗೆ ಎಲ್ಲವೂ ನಾನೇ. ಮಾಲೀಕರು ಸುದ್ದಗುಂಟೆಪಾಳ್ಯದವರು, ತಂದೆ ರಾಗಿ ಬೆಳೆದ ಹೊಲದಲ್ಲೇ ಹನ್ನೆರಡು ಕೋಣೆ ಕಟ್ಟಿಸಿದ್ದರು.

ಹತ್ತಿರದ ಆಸ್ಪತ್ರೆಗೆ ಬರುವ ಮುಸ್ಲಿಂ ಕುಟುಂಬಗಳು ನಮ್ಮಲ್ಲಿ ಉಳಿಯತೊಡಗಿದಾಗ ಮಾಲೀಕರಿಗೆ ಹುರುಪು ಬಂತು. ಒಂದು ಹಾಳೆ ತುಂಬ ನಿಯಮ ಬರೆಸಿದರು: ಬಚ್ಚಲಲ್ಲಿ ಮಗ್ಗು, ಮಂಚದ ಮೇಲೆ ನಮಾಜಿನ ಚಾಪೆ, ಕುಡಿತ ಕೂಡದು, ಸೂರಿನಲ್ಲಿ ಮೆಕ್ಕಾದ ದಿಕ್ಕಿಗೆ ಹಸಿರು ಬಾಣ.

"ಸ್ಟ್ಯಾಂಡರ್ಡ್ ಅಂದ್ರೆ ಎಲ್ಲಾ ರೂಮಲ್ಲೂ ಒಂದೇ ಥರ ಇರ್ಬೇಕು ಗುರು. ಒಳಗೆ ಕಾಲಿಟ್ರೆ ಬಾಣ ಬಲಗಡೆ ತೋರಿಸ್ಬೇಕು, ಅಷ್ಟೇ," ಎಂದರು. ಒಂದನೇ ಕೋಣೆಯಲ್ಲಿ ಬಲಗಡೆ ಮೆಕ್ಕಾ ಇರುವ ಪಶ್ಚಿಮವೇ ಇತ್ತು. ನಾನೂ ಜಾಣನಂತೆ ತಲೆಯಾಡಿಸಿ ಹನ್ನೆರಡರಲ್ಲೂ ಬಲಕ್ಕೇ ಬರೆದೆ.

ನಾಲ್ಕನೇ ಕೋಣೆಗೆ ಕೊಪ್ಪಳದ ಕಡೆಯ ಅಮ್ಮನೊಬ್ಬರು ಬಂದರು. ಮಗಳು ಆಸ್ಪತ್ರೆಯಲ್ಲಿದ್ದಳು, ಹೃದಯದ ಆಪರೇಷನ್ನು. ಕೋಣೆಯ ಕಿಟಕಿಗೆ ಪಕ್ಕದ ಕಟ್ಟಡದ ಗೋಡೆ ಅಡ್ಡ. ಸೂರ್ಯ ಎಲ್ಲಿ ಹುಟ್ಟುತ್ತಾನೋ ಅವರಿಗೇನು ಗೊತ್ತು? ವಾರವಿಡೀ ನನ್ನ ಬಾಣವನ್ನೇ ನಂಬಿದರು.

ಆಪರೇಷನ್ ದಿನ ಬೆಳಿಗ್ಗೆ ಚಹಾ ಒಯ್ದರೆ ಎದುರುಬದುರಿನ ಮೂರು, ನಾಲ್ಕನೇ ಕೋಣೆಗಳ ಬಾಗಿಲು ತೆರೆದಿದ್ದವು. ನಮಾಜು ಮುಗಿದಿತ್ತು, ಚಾಪೆಗಳು ಹಾಸಿಯೇ ಇದ್ದವು. ಮೆಕ್ಕಾದ ಕಡೆ ಇರಬೇಕಾದ ಕಮಾನಿನ ಚಿತ್ರ ಮೂರರ ಚಾಪೆಯಲ್ಲಿ ಪಶ್ಚಿಮಕ್ಕೆ, ನಾಲ್ಕರದ್ದು ಪೂರ್ವಕ್ಕೆ. ಈ ಸಾಲಿನ ಬಲಗಡೆ ಎದುರು ಸಾಲಿನವರಿಗೆ ಎಡಗಡೆ ಎಂಬುದು ಮಾಲೀಕರಿಗೂ ನನಗೂ ಹೊಳೆದಿರಲಿಲ್ಲ.

ಮಾಲೀಕರಿಗೆ ಫೋನ್ ಮಾಡಿದೆ. "ಆಪರೇಷನ್ ಮುಗಿಯೋವರ್ಗೂ ಬಾಯಿ ಬಿಡ್ಬೇಡ. ಆಮೇಲೆ ಸುಣ್ಣ ಹೊಡ್ದು ಬಿಡೋಣ," ಎಂದರು.

ಮಗಳ ಜೀವಕ್ಕಾಗಿ ಆ ಅಮ್ಮ ಬೇಡಿದ್ದನ್ನೆಲ್ಲ ನಾನು ಮೆಕ್ಕಾ ಬಿಟ್ಟು ಪೂರ್ವಕ್ಕೆ, ಮಡಿವಾಳದ ಕಡೆಗೆ ಕಳಿಸಿದ್ದೆ. ಅವರ ಮುಂದೆ ತಲೆ ತಗ್ಗಿಸಿ ನಿಂತು ಎಲ್ಲ ಹೇಳಿಬಿಟ್ಟೆ.

ಅವರು ಮಂಚದ ಮೇಲೆ ಕುಸಿದು ಕೂತರು. "ಗೊತ್ತಿಲ್ದ ಮಾಡಿದ್ದನ್ನ ದೇವ್ರು ಹಿಡ್ಯಾಂಗಿಲ್ಲ ತಮ್ಮಾ. ಗೊತ್ತಾದ ಮ್ಯಾಲೂ ನೀ ಸುಮ್ಮನಿದ್ದಿದ್ರ ನಿನ್ನ ಹಿಡೀತಿದ್ದ," ಎಂದರು. "ಈಗ ಚಾಪಿ ನೀನ ತಿರುವಿ ಹಾಸು."

ಕಮಾನು ಪಶ್ಚಿಮಕ್ಕೆ ಮಾಡಿ ಹಾಸಿದೆ.

ಸಂಜೆ ಕೌಂಟರಿನ ಫೋನು ಬಡಿದುಕೊಂಡಿತು. "ಮಗಳು ಕಣ್ಣು ತಗದಾಳ ತಮ್ಮಾ," ಎಂದು ಅಮ್ಮ ಅತ್ತರು. ನಾನೂ ಅತ್ತೆ. ಆಮೇಲೆ ಅವರು ಅಳು ನಿಲ್ಲಿಸಿ ಕೇಳಿದರು: "ನನ್ನ ಸಾಲಿನ ಬಾಜೂ ಖೋಲ್ಯಾಗಿನವ್ರಿಗೆ ಹೇಳಿದ್ಯೋ ಇಲ್ಲೋ?"

ಆ ಸಾಲಿನ ಬಾಣಗಳೆಲ್ಲ ಪೂರ್ವಕ್ಕೇ ಇದ್ದವು. ಫೋನಿಟ್ಟವನೇ ಮೆಟ್ಟಿಲು ಹತ್ತಿ ಓಡಿದೆ.