ಅಪ್ಪನ ಕಂಬ

ಸೀಹಾರ್ಟಿಂಗ್ ಚರ್ಚಿನ ಕೀಲಿಕೈ ಮೂವತ್ತೆರಡು ವರ್ಷಗಳಿಂದ ನೋಟ್‌ಬುರ್ಗಾ ಸ್ಟಾಡ್ಲರಳ ಸೊಂಟದಲ್ಲಿದೆ. ದೋಣಿಯಿಳಿದು ಬರುವ ಪ್ರವಾಸಿಗಳು ಬಲಿಪೀಠದ ಎರಡು ಕೆಂಪು ಕಂಬಗಳನ್ನು ನೋಡಿ, "ಅಯ್ಯೋ, ಅಮೃತಶಿಲೆ ಅಲ್ವಂತೆ, ಬರೀ ಗಚ್ಚಂತೆ!" ಎಂದು ಮೂಗು ಮುರಿದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ.

"ಅಂಗೈ ಇಟ್ಟು ನೋಡಿ. ಕಲ್ಲಾಗಿದ್ರೆ ತಣ್ಣಗಿರ್ತಿತ್ತು, ಇದು ಬೆಚ್ಚಗಿದೆ. ಕಲ್ಲನ್ನ ದೇವ್ರು ಪುಕ್ಕಟೆ ಕೊಟ್ಟ. ಇದನ್ನ ಮನುಷ್ಯ ಬೆವರು ಸುರ್ಸಿ ಮಾಡ್ದ!"

ಅವಳಪ್ಪ ಕೊರ್ಬಿನಿಯನ್ ಗಾರೆ ಕೆಲಸದವನು. ಹಿಂದೊಮ್ಮೆ ನೀರು ಸೋರಿ ಒಂದು ಕಂಬದ ಗಚ್ಚು ಉದುರಿದಾಗ, ಬಣ್ಣ ಬೆರೆಸಿದ ಗಚ್ಚನ್ನು ರೊಟ್ಟಿ ಹಿಟ್ಟಿನಂತೆ ನಾದಿ ಹಚ್ಚಿ, ಚಳಿಗಾಲವಿಡೀ ಉಜ್ಜಿ ಅಮೃತಶಿಲೆಯಂಥ ಹೊಳಪು ತಂದಿದ್ದ. ಹೆಸರು ಕೆತ್ತಲಿಲ್ಲ. ಆ ಕಸುಬಿನವರು ಕೆತ್ತುವುದಿಲ್ಲ.

ಈ ವಸಂತದಲ್ಲಿ ಮ್ಯೂನಿಕ್‌ನಿಂದ ಹಳೆಯ ಕಟ್ಟಡಗಳ ತಜ್ಞ ಡಾಕ್ಟರ್ ರಾಯ್ಟರ್ ಬಂದ. ದುರಸ್ತಿಯಾದ ಕಂಬವನ್ನು ಪತ್ತೆ ಹಚ್ಚಿ, ಕೆರೆದು ತೆಗೆಸಿ, ಮೂಲದ ಮಾದರಿಯಲ್ಲೇ ಹೊಸದಾಗಿ ಮಾಡಿಸುವುದು ಅವನ ಕೆಲಸ. ದಿನವಿಡೀ ತಟ್ಟಿ, ಮೂಸಿ ನೋಡಿ, ಎಡಗಡೆಯ ಕಂಬಕ್ಕೆ ಗುರುತಿಗೆ ದಾರ ಕಟ್ಟಿದ.

"ಇದೇ ತೇಪೆ ಕೆಲ್ಸ, ಸ್ಟಾಡ್ಲರಮ್ಮ. ಬಲಗಡೇದು ನೋಡಿ, ಮುನ್ನೂರು ವರ್ಷದ ಹಿಂದಿನ ಉಸ್ತಾದನ ಕೈ!"

ಬಲಗಡೆಯದೇ ಅಪ್ಪನದು. ಬಾಯಿ ಮುಚ್ಚಿಕೊಂಡಿದ್ದರೆ ಅದು ಉಳಿಯುತ್ತಿತ್ತು, ನಿಜವಾದ ಹಳೆಯ ಕಂಬ ಮಣ್ಣುಪಾಲಾಗುತ್ತಿತ್ತು. ಆದರೆ ಕದ್ದ ಮರ್ಯಾದೆ ಅಪ್ಪನಿಗೆ ಯಾಕೆ?

"ದಾರ ಬಿಚ್ಚಿ, ಡಾಕ್ಟ್ರೇ. ನೀವು ಹೊಗಳಿದ್ದೇ ನಮ್ಮಪ್ಪ ಮಾಡಿದ್ದು."

"ಹೋಗ್ಲಿ ಬಿಡಿ, ಮಗಳಿಗೆ ಅಪ್ಪ ಮುಟ್ಟಿದ್ದೆಲ್ಲ ಬಂಗಾರ."

ಎಪ್ಪತ್ತೊಂದರ ಮುದುಕಿ ಮಂಡಿ ಲಟಲಟ ಅನ್ನಿಸುತ್ತ ಬಲಗಂಬದ ಹಿಂದೆ ಕೂತಳು. ಬುಡದಲ್ಲಿ, ಕೆಂಪು ಗೆರೆಗಳ ನಡುವೆ, ಮಗುವಿನ ಹೆಬ್ಬೆರಳಿನಷ್ಟು ಹಸಿರು ಚುಕ್ಕೆ.

"ಆರು ವರ್ಷದವ್ಳಿದ್ದೆ. ಅಪ್ಪ ನಾದಿದ್ದ ಕೆಂಪು ಮುದ್ದೆಗೆ ಹಸಿರು ಚೂರು ತುರುಕ್ಬಿಟ್ಟೆ. ಒದೆ ಬೀಳುತ್ತೆ ಅಂದ್ಕೊಂಡ್ರೆ, 'ಇರ್ಲಿ ಬಿಡೇ, ಕಲ್ಲೂ ತಪ್ಪು ಮಾಡುತ್ತೆ' ಅಂದ."

ರಾಯ್ಟರ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. ಎದ್ದು ಎಡಗಂಬದ ದಾರ ಬಿಚ್ಚಿದ. ಬಲಗಂಬಕ್ಕೆ ಕಟ್ಟಲಿಲ್ಲ, ಜೇಬಿಗೆ ಹಾಕಿಕೊಂಡ.

"ಇದನ್ನ ತೆಗ್ಸಿದ್ರೆ ಇಷ್ಟು ಚೆನ್ನಾಗಿ ಮಾಡೋರು ಯಾರೂ ನಂಗೆ ಗೊತ್ತಿಲ್ಲ. ಇದು ಇಲ್ಲೇ ಇರುತ್ತೆ. ನಿಮ್ಮಪ್ಪನ ಹೆಸ್ರು ಹೇಳಿ, ವರದಿಗೆ ಬೇಕು."

ಅವಳು ಹೇಳಿದಳು. ಚರ್ಚಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಅವನು ಬರೆದು ಪೆನ್ನು ಮುಚ್ಚಲು ಹೋದ.

"ತಡೀರಿ, ಜೊತೆಗೆ ನಾನೂ ಇದ್ದೆ," ಎಂದಳು. "ಅದನ್ನೂ ಬರ್ಕೊಳಿ."